ಇಳಿಜಾರಿನಲ್ಲಿ ಕೂತು ಓಡಿಸುವ ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ಜಾರದ ಹಾಗೆ ಓಡಿಸುವುದು ಹೇಗೆ?

"ಅಡ್ಡಡ್ಡ ಹೋಗುವಾಗ ಎರಡು ಸಲ ಜಾರಿತು, ಮೈಯನ್ನು ಮೇಲಿನ ಕಡೆಗೆ ವಾಲಿಸಿದರೆ ಸರಿಹೋಗುತ್ತದೆ" ಎಂದು ಬರೆದಿದ್ದೀರಿ. ಆಮೇಲೆ ಹೊಸ ಟೈರ್ ಹಾಕಿಸಲಾ, ಹಿಂದಿನ ಚಕ್ರಕ್ಕೆ ತೂಕ ಕಟ್ಟಲಾ, ಇಲ್ಲ ನಿಂತಲ್ಲೇ ತಿರುಗುವ ಜೀರೋ ಟರ್ನ್ ಮೋವರ್ ತಗೊಳ್ಳಲಾ ಎಂದು ಕೇಳಿದ್ದೀರಿ. ಆ ಮೊದಲನೇ ಸಾಲು ಓದಿದಾಗ ನನ್ನ ಎಡಗಾಲು ಚುರ್ ಅಂತು. ನಾಲ್ಕು ವರ್ಷದ ಹಿಂದೆ ನಾನೂ ಮನೆಯಲ್ಲಿ ಇದೇ ಮಾತು ಹೇಳುತ್ತಿದ್ದೆ. ಹೇಳಿದ ಮೂರನೇ ವಾರಕ್ಕೆ ಯಂತ್ರ ನನ್ನ ಕಾಲ ಮೇಲೆ ಮಗುಚಿತ್ತು.

ನಮ್ಮ ಮನೆಯ ಹಿಂದಿನ ಜಾಗ ಬೇಲಿಯ ತನಕ ಇಳಿಯುತ್ತದೆ. ನೋಡಿದರೆ ಅಂಥ ಕಡಿದಾದ ಜಾಗ ಅಂತ ಯಾರೂ ಹೇಳುವುದಿಲ್ಲ. ಮಕ್ಕಳು ಚೆಂಡು ಉರುಳಿಸಿಕೊಂಡು ಆಡುವ ಹುಲ್ಲುಹಾಸು. ಹತ್ತು ವರ್ಷ ಅದನ್ನು ತಳ್ಳುವ ಮೋವರಿನಲ್ಲೇ ಕತ್ತರಿಸಿದ್ದೆ. ತಳ್ಳುವ ಮೋವರಿಗೆ ಒಂದು ನಿಯಮ ಇದೆ. ಇಳಿಜಾರಿನಲ್ಲಿ ಅಡ್ಡಡ್ಡ ಹೋಗಬೇಕು, ಮೇಲೆ ಕೆಳಗೆ ಹೋಗಬಾರದು. ಕೆಳಗೆ ತಳ್ಳುವಾಗ ಕಾಲು ಜಾರಿದರೆ ಪಾದ ನೇರ ಬ್ಲೇಡಿನ ಕಡೆಗೆ ಹೋಗುತ್ತದೆ. ಮೇಲೆ ತಳ್ಳುವಾಗ ಕೈ ಸೋತರೆ ಯಂತ್ರವೇ ಮೈಮೇಲೆ ಬರುತ್ತದೆ. ಇದನ್ನು ನನಗೆ ನಮ್ಮ ಅಪ್ಪ ಹೇಳಿಕೊಟ್ಟಿದ್ದರು, ಸರಿಯಾಗಿಯೇ ಹೇಳಿಕೊಟ್ಟಿದ್ದರು. ಹತ್ತು ವರ್ಷದಲ್ಲಿ ಆ ಅಡ್ಡ ನಡಿಗೆ ನನ್ನ ಕಾಲಿಗೆ ಎಷ್ಟು ಅಭ್ಯಾಸವಾಗಿತ್ತು ಅಂದರೆ, ಬೇರೆ ದಾರಿ ಇದೆ ಅಂತಲೇ ಹೊಳೆಯುತ್ತಿರಲಿಲ್ಲ.

ಆಮೇಲೆ ಮಂಡಿನೋವು ಶುರುವಾಯಿತು. ಕೂತು ಓಡಿಸುವ ಮೋವರ್ ತಂದೆ. ಮೊದಲ ದಿನವೇ ಅದರ ಮೇಲೆ ಕೂತು ಅದೇ ಅಡ್ಡ ಪಟ್ಟಿಗಳನ್ನು ಹಿಡಿದೆ. ನನ್ನ ತಪ್ಪು ಇದೊಂದೇ. ಉಳಿದದ್ದೆಲ್ಲ ಇದರ ಬಾಲ ಹಿಡಿದು ಬಂದದ್ದು.

ಕೂತು ಓಡಿಸುವ ಮೋವರಿಗೆ ನಿಯಮ ಪೂರ್ತಿ ಉಲ್ಟಾ. ಮೇಲೆ ಕೆಳಗೆ ಹೋಗಬೇಕು, ಅಡ್ಡ ಹೋಗಬಾರದು. ಇದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು. ನಾನು ಆಯಿಲ್ ಎಷ್ಟು ಹಾಕಬೇಕು, ಬೆಲ್ಟ್ ಹೇಗೆ ಬದಲಿಸಬೇಕು ಅನ್ನುವ ಪುಟಗಳನ್ನು ಗುರುತು ಹಾಕಿಕೊಂಡು ಓದಿದ್ದೆ. ಇಳಿಜಾರಿನ ಪುಟ ತಿರುವಿ ಹಾಕಿದ್ದೆ. ಹತ್ತು ವರ್ಷ ಅದೇ ಜಾಗದಲ್ಲಿ ಹುಲ್ಲು ಕತ್ತರಿಸಿದವನಿಗೆ ಅದರಲ್ಲಿ ಕಲಿಯುವುದು ಏನಿದೆ ಅನ್ನಿಸಿತ್ತು.

ಅವತ್ತು ನಡೆದದ್ದು ಹೀಗೆ. ಮಧ್ಯಾಹ್ನ ಮಳೆ ಬರುವ ಹಾಗಿತ್ತು, ಅದಕ್ಕೇ ಬೆಳಿಗ್ಗೆ ಬೇಗ ಶುರು ಮಾಡಿದೆ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಹಿಂದೆ ನೇತು ಹಾಕಿದ್ದ ಹುಲ್ಲಿನ ಚೀಲ ಮುಕ್ಕಾಲು ತುಂಬಿತ್ತು. ಕೆಳಗಿನಿಂದ ಮೂರನೇ ಪಟ್ಟಿಯಲ್ಲಿದ್ದೆ. ಇಳಿಜಾರು ನನ್ನ ಎಡಕ್ಕೆ. ಮೇಲಿನ ಕಡೆಯ ಹಿಂಚಕ್ರ ಒಂದು ಹಳೇ ಮರದ ಬೇರಿನ ಗಂಟಿನ ಮೇಲೆ ಹತ್ತಿತು. ಅದೇ ಹೊತ್ತಿಗೆ ಕೆಳಗಿನ ಹಿಂಚಕ್ರ ಮೆತ್ತನೆ ನೆಲಕ್ಕೆ ಇಳಿಯಿತು. ಸೀಟು ನನ್ನ ಅಡಿಯಲ್ಲಿ ವಾಲಿತು. ಮೇಲಿನ ಚಕ್ರ ಹಗುರವಾಗಿ ಗುರ್ ಅಂತ ಸುಮ್ನೆ ತಿರುಗತೊಡಗಿತು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಚಕ್ರ ಹಗುರವಾದರೆ ಎಂಜಿನ್ನಿನ ಶಕ್ತಿಯೆಲ್ಲ ಆ ಚಕ್ರಕ್ಕೇ ಹರಿದುಹೋಗುತ್ತದೆ, ನೆಲ ಹಿಡಿದಿರುವ ಚಕ್ರಕ್ಕೆ ಏನೂ ಸಿಗುವುದಿಲ್ಲ. ಆ ಗುರ್ ಸದ್ದನ್ನು ನಾನು ಹಿಂದಿನ ವಾರಗಳಲ್ಲೂ ಕೇಳಿದ್ದೆ. ಪ್ರತಿಸಲವೂ ಮೈ ಮೇಲಕ್ಕೆ ವಾಲಿಸಿದಾಗ ಚಕ್ರ ಮತ್ತೆ ಹಿಡಿದುಕೊಂಡಿತ್ತು. ಅವತ್ತೂ ವಾಲಿದೆ. ಹಿಡಿಯಲಿಲ್ಲ. ಗಾಬರಿಯಲ್ಲಿ ಸ್ಟೇರಿಂಗನ್ನು ಮೇಲಿನ ಕಡೆಗೆ ತಿರುಗಿಸಿದೆ.

ಮೇಲಕ್ಕೆ ತಿರುಗಿಸಿದರೆ ಇಳಿಜಾರಿನಿಂದ ದೂರ ಹೋಗುತ್ತೇವೆ ಅಂತ ಮನಸ್ಸು ಹೇಳುತ್ತದೆ. ಆದರೆ ತಿರುಗುವ ಗಾಡಿಯಲ್ಲಿ ತೂಕ ಹೊರಗಡೆಗೆ ಎಳೆಯುತ್ತದೆ. ಮೇಲಕ್ಕೆ ತಿರುಗಿದರೆ ಹೊರಗಡೆ ಅಂದರೆ ಕೆಳಗಡೆ. ಬಸ್ಸು ತಿರುವಿನಲ್ಲಿ ಹೋಗುವಾಗ ನಾವು ಯಾವ ಕಡೆಗೆ ವಾಲುತ್ತೇವೆ ನೋಡಿ, ಅದೇ. ಯಂತ್ರ ನಿಧಾನವಾಗಿ, ನಿಜವಾಗಿಯೂ ನಿಧಾನವಾಗಿ, ಎಡಕ್ಕೆ ಬಾಗಿತು. ಆಗ ನಾನು ಯಾರಾದರೂ ಮಾಡುವುದನ್ನೇ ಮಾಡಿದೆ. ಎಡಗಾಲನ್ನು ನೆಲಕ್ಕೆ ಊರಿದೆ. ಸೈಕಲ್ ಬೀಳುವಾಗ ಊರುವುದಿಲ್ವಾ, ಹಾಗೆ. 200 ಕಿಲೋಗೂ ಜಾಸ್ತಿ ತೂಕದ ಯಂತ್ರಕ್ಕೆ ಒಂದು ಕಾಲು ಊರಿದೆ.

ಆಮೇಲೆ ನೆನಪಿರುವುದು ಸದ್ದು ನಿಂತದ್ದು. ಸೀಟಿನಿಂದ ಮೈ ಎದ್ದ ತಕ್ಷಣ ಸೀಟಿನ ಅಡಿಯ ಸ್ವಿಚ್ಚು ಎಂಜಿನ್ ನಿಲ್ಲಿಸಿತ್ತು. ಕೆನ್ನೆಗೆ ಒದ್ದೆ ಹುಲ್ಲು ತಾಗುತ್ತಿತ್ತು. ಮೇಲೆ ಒಂದು ಚಕ್ರ ಆಕಾಶಕ್ಕೆ ಮುಖ ಮಾಡಿ ಸುಮ್ನೆ ತಿರುಗುತ್ತಾ ತಿರುಗುತ್ತಾ ನಿಂತಿತು. ಟ್ಯಾಂಕಿನ ಮುಚ್ಚಳದ ಸಂದಿಯಿಂದ ಪೆಟ್ರೋಲ್ ಹನಿಹನಿಯಾಗಿ ನನ್ನ ತೋಳಿನ ಹತ್ತಿರ ಬೀಳುತ್ತಿತ್ತು. ಪಾದ ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ನನ್ನ ಕೂಗು ಕೇಳಿ ಹೆಂಡತಿ ಓಡಿ ಬಂದಳು, ಪಕ್ಕದ ಮನೆಯವರು ಹಾರೆ ತಂದು ಮೀಟಿದರು. ಇಪ್ಪತ್ತು ನಿಮಿಷ ಆಗಿತ್ತಂತೆ.

ಕಾಲಿನ ಗಿಣ್ಣಿನ ಹತ್ತಿರ ಎರಡು ಮೂಳೆ ಮುರಿದಿದ್ದವು. ಪ್ಲೇಟು, ಸ್ಕ್ರೂ ಹಾಕಿದರು. ಹನ್ನೊಂದು ವಾರ ಆ ಕಾಲು ನೆಲಕ್ಕೆ ಊರಲಿಲ್ಲ. ಈಗ ನಡೆಯುತ್ತೇನೆ. ಮೆಟ್ಟಿಲು ಹತ್ತುವುದು ಸಲೀಸು, ಇಳಿಯುವುದು ಈಗಲೂ ಒಂದೊಂದೇ ಮೆಟ್ಟಿಲು.

ಆ ಸೀಟಿನ ಸ್ವಿಚ್ಚಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೆಲದ ಗುಂಡಿಯಲ್ಲಿ ಕುಲುಕಿ ಮೈ ಸೀಟಿನಿಂದ ಎದ್ದಾಗೆಲ್ಲ ಎಂಜಿನ್ ಆಫ್ ಆಗುತ್ತಿತ್ತು ಅಂತ ಅದಕ್ಕೊಂದು ತಂತಿ ಕೊಟ್ಟು ಬೈಪಾಸ್ ಮಾಡಿಸೋಣ ಅಂತ ನಾನು ಯೋಚಿಸಿದ್ದೆ. ತಂತಿ ಕತ್ತರಿಸಿ ಇಟ್ಟೂ ಇದ್ದೆ. ಹಾಕಲು ಪುರುಸೊತ್ತು ಆಗಿರಲಿಲ್ಲ ಅಷ್ಟೇ. ಹಾಕಿದ್ದರೆ ಬ್ಲೇಡು ತಿರುಗುತ್ತಲೇ ಇರುತ್ತಿತ್ತು, ನನ್ನ ಪಾದ ಇದ್ದದ್ದು ಬ್ಲೇಡನ್ನು ಮುಚ್ಚುವ ಡೆಕ್ಕಿನ ಅಂಚಿಗೆ ಒಂದು ಗೇಣು ದೂರದಲ್ಲಿ. ನಿಮ್ಮ ಯಂತ್ರದಲ್ಲಿ ಯಾರಾದರೂ ಹಾಗೆ ಬೈಪಾಸ್ ಮಾಡಿದ್ದರೆ ಇವತ್ತೇ ಬಿಚ್ಚಿಸಿ.

ಅಡ್ಡ ಹೋಗುವುದು ಯಾಕೆ ಅಷ್ಟು ಅಪಾಯ ಅಂತ ಹಾಸಿಗೆಯಲ್ಲಿ ಮಲಗಿದ್ದ ಆ ಹನ್ನೊಂದು ವಾರದಲ್ಲಿ ಕೂಲಂಕಷವಾಗಿ ತಿಳಿದುಕೊಂಡೆ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕಂದ್ರೆ ನನಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ಟ್ರ್ಯಾಕ್ಟರ್ ಥರ ಇರುವ ಮೋವರಿನ ಮುಂದೆ ಬಗ್ಗಿ ನೋಡಿ. ಮುಂದಿನ ಎರಡು ಚಕ್ರಗಳ ನಡುವಿನ ಅಚ್ಚು ಒಂದೇ ಒಂದು ಪಿನ್ನಿನ ಮೇಲೆ ಕೂತಿರುತ್ತದೆ. ತಕ್ಕಡಿಯ ದಂಡದ ಹಾಗೆ ಅದು ಆ ಕಡೆ ಈ ಕಡೆ ಏರಿಳಿಯುತ್ತದೆ. ನೆಲ ಉಬ್ಬುತಗ್ಗು ಇದ್ದರೂ ನಾಲ್ಕೂ ಚಕ್ರ ನೆಲ ಮುಟ್ಟಿರಲಿ ಅಂತ ಹಾಗೆ ಮಾಡಿರುತ್ತಾರೆ. ಇದರ ಅರ್ಥ ಏನು ಗೊತ್ತಾ? ಪಕ್ಕಕ್ಕೆ ವಾಲುವಾಗ ಮುಂದಿನ ಎರಡು ಚಕ್ರ ತಕ್ಷಣಕ್ಕೆ ಏನೂ ತಡೆಯುವುದಿಲ್ಲ. ಆ ಅಚ್ಚು ಕೊನೆಗೆ ಹೋಗಿ ತಾಗುವ ತನಕ ನೀವು ಕೂತಿರುವುದು ಮುಕ್ಕಾಲಿಯ ಮೇಲೆ. ಹಿಂದೆ ಎರಡು ಕಾಲು, ಮುಂದೆ ಮಧ್ಯದಲ್ಲಿ ಒಂದು. ಮುಕ್ಕಾಲಿ ಎರಡು ಕಾಲುಗಳ ನಡುವಿನ ಕಡೆಗೆ ಎಷ್ಟು ಸುಲಭವಾಗಿ ಮಗುಚುತ್ತದೆ ಅಂತ ನಿಮಗೇ ಗೊತ್ತು. ನಾನು ನಾಲ್ಕು ಚಕ್ರ ನೋಡಿ ನಾಲ್ಕು ಕಾಲಿನ ಮೇಜು ಅಂದುಕೊಂಡಿದ್ದೆ.

ಇನ್ನು ಲೆಕ್ಕ. ಬಿದ್ದ ಜಾಗವನ್ನು ಆಮೇಲೆ ನನ್ನ ಅಣ್ಣ ಅಳೆದ. ಒಟ್ಟಾರೆ ಹುಲ್ಲುಹಾಸು ಮೇಲಿಂದ ಕೆಳಗೆ 11 ಡಿಗ್ರಿ. ಆದರೆ ಕೆಳಗಿನ ಪಟ್ಟಿಗಳಿರುವ ಕಡೆ ನೆಲ ಹೊಟ್ಟೆ ಬಿಟ್ಟಿದೆ, ಅಲ್ಲಿ 17 ಡಿಗ್ರಿ. ಹಿಂಚಕ್ರಗಳ ನಡುವೆ 90 ಸೆಂಟಿಮೀಟರ್ ಅಂತರ ಇದೆ ಅಂತ ಇಟ್ಟುಕೊಳ್ಳಿ. ಕೆಳಗಿನ ಚಕ್ರ 10 ಸೆಂಟಿಮೀಟರ್ ಇಳಿದರೆ ಸುಮಾರು 6 ಡಿಗ್ರಿ ಸೇರುತ್ತದೆ. ಮೇಲಿನ ಚಕ್ರ 5 ಸೆಂಟಿಮೀಟರ್ ಬೇರಿನ ಮೇಲೆ ಹತ್ತಿದರೆ ಇನ್ನೂ 3 ಡಿಗ್ರಿ. ಅಲ್ಲಿಗೆ 26. ನೆಲ ನೋಡಿದರೆ ಹಾಗೇ ಇದೆ, ಯಂತ್ರ ಮಾತ್ರ ಒಂದು ಕ್ಷಣದಲ್ಲಿ 17ರಿಂದ 26ಕ್ಕೆ ಹೋಗಿದೆ. ಅದರ ಮೇಲೆ ಎತ್ತರದಲ್ಲಿ ಕೂತ ನಾನು, ಹಿಂದೆ ಒದ್ದೆ ಹುಲ್ಲಿನ ಚೀಲ, ಜೊತೆಗೆ ಮೇಲಕ್ಕೆ ತಿರುಗಿಸಿದ ಸ್ಟೇರಿಂಗ್. ನೆಟ್ಟಗೆ ಮೇಲೆ ಕೆಳಗೆ ಹೋಗುತ್ತಿದ್ದರೆ ಅದೇ ಬೇರು, ಅದೇ ಗುಂಡಿ ನನ್ನನ್ನು ಕುಲುಕಿಸಿ ಬಿಡುತ್ತಿದ್ದವು ಅಷ್ಟೇ ಅಂತ ನನ್ನ ನಂಬಿಕೆ.

ಈಗ ನಿಮ್ಮ ಪ್ರಶ್ನೆ. ಜಾರದ ಹಾಗೆ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಪ್ರಶ್ನೆಯೇ ಸರಿಯಿಲ್ಲ ಅಂತ ನನಗೆ ಅನ್ನಿಸುತ್ತದೆ. ಜಾರುವುದು ರೋಗ ಅಲ್ಲ, ಅದು ಜ್ವರದ ಹಾಗೆ. ಈ ಜಾಗ ನನಗೆ ಆಗುವುದಿಲ್ಲ ಅಂತ ಯಂತ್ರ ನಿಮಗೆ ಎರಡು ಸಲ ಹೇಳಿದೆ. ಒಳ್ಳೆ ಹಲ್ಲಿರುವ ಟೈರ್ ಹಾಕಿಸಿ, ಚಕ್ರಕ್ಕೆ ತೂಕ ಕಟ್ಟಿದರೆ ಜಾರುವುದು ಕಮ್ಮಿಯಾಗುತ್ತದೆ, ನಿಜ. ಆದರೆ ಮೊದಲು ಜಾರಿ ನಿಮ್ಮನ್ನು ಎಚ್ಚರಿಸುತ್ತಿದ್ದ ಯಂತ್ರ ಈಗ ಜಾರದೆ ನೇರವಾಗಿ ಮಗುಚುವ ಜಾಗದ ತನಕ ಹೋಗುತ್ತದೆ. ಕಂಪನಿ ನಿಮ್ಮ ಮಾಡೆಲ್ಲಿಗೆ ತೂಕ ಹಾಕಿ ಅಂತ ಪುಸ್ತಕದಲ್ಲೇ ಹೇಳಿದ್ದರೆ ಹಾಕಿ, ಅದು ಬೇರೆ ವಿಷಯ. ಇಳಿಜಾರನ್ನು ಗೆಲ್ಲೋಕೆ ಅಂತ ಹಾಕಬೇಡಿ. ಮೈ ವಾಲಿಸುವುದೂ ಅಷ್ಟೇ. ಅದರಿಂದ ಏನೂ ಉಪಯೋಗ ಇಲ್ಲ ಅನ್ನುತ್ತಿಲ್ಲ. ಆದರೆ ಮೈ ವಾಲಿಸಿದರೆ ಮಾತ್ರ ನಿಲ್ಲುವ ಯಂತ್ರ ಆಗಲೇ ಅಂಚಿನಲ್ಲಿದೆ.

ಮೊದಲು ಅಳೆಯಿರಿ. ಎಷ್ಟು ಡಿಗ್ರಿ ಅಂತ ನೀವು ಬರೆದೇ ಇಲ್ಲ, ನಾನೂ ಬೀಳುವ ತನಕ ಅಳೆದಿರಲಿಲ್ಲ. ಒಂದು ಮೀಟರ್ ಉದ್ದದ ನೆಟ್ಟಗಿನ ಹಲಗೆ, ಒಂದು ರಸಮಟ್ಟ, ಒಂದು ಟೇಪು ಸಾಕು. ಹಲಗೆಯ ಒಂದು ತುದಿಯನ್ನು ಮೇಲಿನ ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಕೆಳಗಿನ ದಿಕ್ಕಿಗೆ ಗಾಳಿಯಲ್ಲಿ ಹಿಡಿಯಿರಿ. ರಸಮಟ್ಟದ ಗುಳ್ಳೆ ಮಧ್ಯಕ್ಕೆ ಬಂದಾಗ ಆ ತುದಿಯಿಂದ ನೆಲಕ್ಕೆ ಎಷ್ಟು ಅಂತರ ಇದೆ ನೋಡಿ. 18 ಸೆಂಟಿಮೀಟರ್ ಬಂದರೆ ಸುಮಾರು 10 ಡಿಗ್ರಿ. 27 ಬಂದರೆ 15 ಡಿಗ್ರಿ. ನನ್ನದು 31 ಬಂದಿತ್ತು. ಫೋನಿನಲ್ಲೂ ಮಟ್ಟ ನೋಡುವ ಆ್ಯಪ್ ಇರುತ್ತದೆ, ಆದರೆ ಫೋನನ್ನು ಹುಲ್ಲಿನ ಮೇಲೆ ಹಾಗೇ ಇಡಬೇಡಿ, ಹಲಗೆ ಮಲಗಿಸಿ ಅದರ ಮೇಲೆ ಇಡಿ. ಕೆಲವು ಯಂತ್ರಗಳ ಪುಸ್ತಕದಲ್ಲಿ ಇಳಿಜಾರು ಅಳೆಯಲು ಒಂದು ಹಾಳೆಯೂ ಇರುತ್ತದೆ. ಗೆರೆಯ ಮೇಲೆ ಮಡಚಿ, ನೆಟ್ಟಗೆ ನಿಂತ ಕಂಬಕ್ಕೋ ಗೋಡೆಯ ಮೂಲೆಗೋ ಹೊಂದಿಸಿ ನೋಡುವಂಥದ್ದು. ಇನ್ನೊಂದು ವಿಷಯ, ಡಿಗ್ರಿ ಬೇರೆ, ಶೇಕಡಾ ಬೇರೆ. 15 ಡಿಗ್ರಿ ಅಂದರೆ ಶೇಕಡಾ 27ರ ಹತ್ತಿರ. ಇವೆರಡನ್ನು ಬೆರೆಸಿಕೊಂಡು 25 ಡಿಗ್ರಿಯ ಜಾಗವನ್ನು ಪರವಾಗಿಲ್ಲ ಅಂದುಕೊಂಡವರಿದ್ದಾರೆ.

ಮನೆಬಳಕೆಯ ಬಹಳಷ್ಟು ಕೂತು ಓಡಿಸುವ ಮೋವರುಗಳಿಗೆ ತಯಾರಕರು ಹೇಳುವ ಮಿತಿ 15 ಡಿಗ್ರಿ. ಕೆಲವಕ್ಕೆ 10 ಅಂತಲೇ ಇರುತ್ತದೆ. ನಿಮ್ಮ ಪುಸ್ತಕದಲ್ಲಿ 10 ಅಂತ ಇದ್ದರೆ 10, ಅದರಲ್ಲಿ ಚೌಕಾಸಿ ಬೇಡ. ಅದೂ ಒಣ ಹುಲ್ಲಿನ ಮೇಲೆ. ಇಬ್ಬನಿ ಬಿದ್ದಿದ್ದರೆ, ಮಳೆ ನಿಂತು ನೆಲ ಮೆತ್ತಗಿದ್ದರೆ ಇಳಿಜಾರಿಗೆ ಹೋಗಲೇಬೇಡಿ. ಅಂಕಿ ಮಿತಿಯೊಳಗೆ ಬಂದರೂ ಇನ್ನೊಂದು ಪರೀಕ್ಷೆ ಇದೆ. ಬ್ಲೇಡು ನಿಲ್ಲಿಸಿ, ಕೆಳಗಿನಿಂದ ಆ ಜಾಗವನ್ನು ನಿಧಾನಕ್ಕೆ ರಿವರ್ಸಿನಲ್ಲಿ ಹತ್ತಲು ನೋಡಿ. ರಿವರ್ಸಿನಲ್ಲಿ ಹತ್ತಲು ಆಗದ ಜಾಗದಲ್ಲಿ ಹುಲ್ಲು ಕತ್ತರಿಸಬೇಡಿ ಅಂತ ಎಷ್ಟೋ ಯಂತ್ರಗಳ ಪುಸ್ತಕದಲ್ಲೇ ಇದೆ. ಹತ್ತಿದರೂ ಎದೆ ಡವಡವ ಅಂದರೆ ಬಿಟ್ಟುಬಿಡಿ.

ಮಿತಿಯೊಳಗಿನ ಜಾಗದಲ್ಲಿ ನಾನು ಈಗ ಹೇಗೆ ಓಡಿಸುತ್ತೇನೆ ಅಂದರೆ, ಮೊದಲು ನಡೆದು ಹೋಗಿ ಕಲ್ಲು, ಬೇರು, ಹುಲ್ಲಲ್ಲಿ ಮುಚ್ಚಿಹೋದ ಗುಂಡಿ ನೋಡುತ್ತೇನೆ. ಎರಡೂ ಹಿಂಚಕ್ರಕ್ಕೆ ಗಾಳಿ ಸಮ ಇದೆಯಾ ಅಂತ ಗೇಜು ಇಟ್ಟು ನೋಡುತ್ತೇನೆ. ಚೀಲ ಬಿಚ್ಚಿಡುತ್ತೇನೆ. ಸಮತಟ್ಟು ನೆಲದಲ್ಲೇ ಕಡಿಮೆ ಗೇರಿಗೆ ಹಾಕಿಕೊಂಡು ಹೊರಡುತ್ತೇನೆ. ಏರಿನ ಮಧ್ಯೆ ನಿಲ್ಲುವುದಿಲ್ಲ, ಯಾಕಂದ್ರೆ ಏರಿನಲ್ಲಿ ನಿಂತು ಜರ್ಕ್ ಹೊಡೆದು ಹೊರಟರೆ ಮುಂಭಾಗ ಎದ್ದು ಯಂತ್ರ ಹಿಂದಕ್ಕೆ ಮಗುಚಬಹುದು. ತಿರುಗಿಸುವುದು ಮೇಲಿನ ಸಮತಟ್ಟಿನಲ್ಲಿ, ಇಲ್ಲ ಕೆಳಗಿನ ಸಮತಟ್ಟಿನಲ್ಲಿ ಮಾತ್ರ. ಇಳಿಯುವಾಗ ನ್ಯೂಟ್ರಲ್ ಮಾಡುವುದಿಲ್ಲ, ಕ್ಲಚ್ ಹಿಡಿಯುವುದಿಲ್ಲ. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳಿಗೆ, ಇಳಿಯುವಾಗ ತೂಕ ಮುಂದಕ್ಕೆ ಹೋಗಿ ಅದೇ ಹಿಂದಿನ ಚಕ್ರಗಳು ಹಗುರವಾಗಿರುತ್ತವೆ. ಅದಕ್ಕೇ ಇಳಿಜಾರಿನಲ್ಲಿ ವೇಗ ಏರಿದ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಂತು ಯಂತ್ರ ಜಾರುತ್ತಲೇ ಇರುತ್ತದೆ. ಗೋಡೆ, ಚರಂಡಿ, ಕೊಳದ ಅಂಚಿನಿಂದ ಎರಡು ಮೋವರಿನ ಅಗಲದಷ್ಟು ದೂರ ಬಿಡುತ್ತೇನೆ. ನಮ್ಮ ಬೇಲಿ ಕಡೆ ಆ ದೂರಕ್ಕೆ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದ್ದೇನೆ.

ಇಷ್ಟಾದರೂ ಜಾರಿತು ಅಂತಿಟ್ಟುಕೊಳ್ಳಿ. ಮೊದಲು ಬ್ಲೇಡ್ ಆಫ್ ಮಾಡಿ. ಸ್ಟೇರಿಂಗ್ ಎಳೆದಾಡಬೇಡಿ. ನಿಧಾನವಾಗಿ, ನೆಟ್ಟಗೆ ಕೆಳಗೆ ಇಳಿದು ಇಳಿಜಾರಿನಿಂದ ಹೊರಗೆ ಬನ್ನಿ. ಪಾದ ಎರಡೂ ಕಾಲಿಡುವ ತಟ್ಟೆಯ ಮೇಲೇ ಇರಲಿ. ಕಾಲು ಊರಬೇಡಿ. ಇದನ್ನು ಮನೆಯಲ್ಲಿ ಯಂತ್ರ ಓಡಿಸುವ ಪ್ರತಿಯೊಬ್ಬರಿಗೂ ಹೇಳಿ, ಯಾಕಂದ್ರೆ ಆ ಕ್ಷಣದಲ್ಲಿ ಯೋಚನೆ ಮಾಡಲು ಸಮಯ ಇರುವುದಿಲ್ಲ. ಮೊದಲೇ ತಲೆಯಲ್ಲಿ ಕೂತಿದ್ದರೆ ಮಾತ್ರ ಕಾಲು ಒಳಗೆ ಉಳಿಯುತ್ತದೆ.

ಜೀರೋ ಟರ್ನ್ ಬೇಡ. ಸಮ ನೆಲದಲ್ಲಿ ಅದು ಅದ್ಭುತ ಯಂತ್ರ, ಒಪ್ಪುತ್ತೇನೆ. ಆದರೆ ಹೆಚ್ಚಿನವುಗಳ ಮುಂದಿನ ಚಕ್ರಗಳು ಆಫೀಸ್ ಕುರ್ಚಿಯ ಚಕ್ರದ ಹಾಗೆ ಸುಮ್ನೆ ತಿರುಗುವಂಥವು. ತಿರುಗಿಸುವುದು, ನಿಲ್ಲಿಸುವುದು ಎರಡೂ ಹಿಂದಿನ ಚಕ್ರಗಳಿಂದಲೇ. ಅವು ಜಾರಿದವು ಅಂದರೆ ನಿಮ್ಮ ಕೈಯಲ್ಲಿ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಈಗಾಗಲೇ ಜಾರುವ ಜಾಗಕ್ಕೆ ಅದನ್ನು ತರುವುದು ನನಗೆ ಒಂದಿಷ್ಟೂ ಸರಿ ಕಾಣುವುದಿಲ್ಲ. ಮಗುಚಿದಾಗ ಕಾಪಾಡಲು ತಲೆಯ ಮೇಲೆ ರೋಲ್ ಬಾರ್ ಅನ್ನುವ ಕಬ್ಬಿಣದ ಕಮಾನು ಇರುವ ಯಂತ್ರವಾದರೆ, ಬಾರ್ ಎತ್ತಿ ಲಾಕ್ ಮಾಡಿದ್ದಾಗ ಸೀಟ್ ಬೆಲ್ಟ್ ಹಾಕಲೇಬೇಕು. ಬಾರ್ ಇಲ್ಲದಿದ್ದರೆ, ಇಲ್ಲವೇ ಮಡಚಿಟ್ಟಿದ್ದರೆ ಬೆಲ್ಟ್ ಹಾಕಬಾರದು, ಮಗುಚಿದಾಗ ಅದು ನಿಮ್ಮನ್ನು ಯಂತ್ರದ ಅಡಿಗೇ ಕಟ್ಟಿಹಾಕುತ್ತದೆ. ಮಡಚಿದ ಬಾರ್ ಇಟ್ಟುಕೊಂಡು ಇಳಿಜಾರಿಗೆ ಹೋಗುವ ಮಾತೇ ಇಲ್ಲ.

ಪ್ರಶ್ನೆಯ ಕೊನೆಗೆ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಓಡಿಸುತ್ತೇನೆ, ಅವನಿಗೆ ಖುಷಿ ಅಂತ ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಿ. ಸಮತಟ್ಟು ನೆಲದಲ್ಲೂ ನಿಲ್ಲಿಸಿ. ಒಂದು ಸಲ ಕೂರಿಸಿದ ಮಗು ಮುಂದಿನ ಸಲ ಎಂಜಿನ್ ಸದ್ದು ಕೇಳಿದರೆ ಓಡಿ ಬರುತ್ತದೆ, ನೀವು ರಿವರ್ಸ್ ತೆಗೆಯುತ್ತಿರುವಾಗ ಹಿಂದೆ ನಿಂತಿರುತ್ತದೆ. ಆ ಬೆಳಿಗ್ಗೆ ನನ್ನ ಮಗಳು ನಿದ್ದೆ ಮಾಡುತ್ತಿದ್ದಳು. ಎದ್ದಿದ್ದರೆ ಬೇಲಿಯ ಹತ್ತಿರ, ನಾನು ಬಿದ್ದ ಕಡೆಯೇ, ಆಡುತ್ತಿದ್ದಳು. ಈಗಲೂ ಕೆಲವು ರಾತ್ರಿ ಅದೇ ನೆನಪಾಗಿ ಎಚ್ಚರವಾಗುತ್ತದೆ.

ಹಾಗಾದರೆ ಆ ಜಾಗದ ಹುಲ್ಲು ಏನು ಮಾಡುವುದು ಅಂತ ಕೇಳಬಹುದು. ನಾನು ಹೊಟ್ಟೆ ಬಿಟ್ಟ ಜಾಗದಲ್ಲಿ ಹುಲ್ಲುಹಾಸನ್ನೇ ತೆಗೆದು, ನೆಲಕ್ಕೆ ಹಬ್ಬುವ ಗಿಡ ಹಾಕಿಬಿಟ್ಟೆ. ಬೇರು ಮಣ್ಣು ಹಿಡಿದಿದೆ, ಕತ್ತರಿಸುವ ಕೆಲಸವೇ ಇಲ್ಲ. ಅದರ ಕೆಳಗಿನ ಕಿರಿದಾದ ಪಟ್ಟಿಯನ್ನು ತಿಂಗಳಿಗೆ ಎರಡು ಸಲ ದಾರದ ಟ್ರಿಮ್ಮರಿನಲ್ಲಿ ಸವರುತ್ತೇನೆ, ಬೂಟು ಹಾಕಿಕೊಂಡು, ನಿಂತ ನೆಲ ಒಣಗಿದ್ದಾಗ ಮಾತ್ರ. ಉಳಿದ 11 ಡಿಗ್ರಿಯ ಜಾಗವನ್ನು ಅದೇ ಹಳೇ ಯಂತ್ರದಲ್ಲಿ ಮೇಲೆ ಕೆಳಗೆ ಓಡಿಸುತ್ತೇನೆ. ಮೊದಲಿಗಿಂತ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ.

ಹಲಗೆ ಹಿಡಿದು ಅಳೆಯುವಾಗ ಮೇಲೊಂದು ಕಡೆ, ಕೆಳಗೊಂದು ಕಡೆ ಅಳೆದು ಸರಾಸರಿ ತೆಗೆಯಬೇಡಿ. ನಾಲ್ಕು ಹೆಜ್ಜೆಗೊಂದು ಸಲ ಇಟ್ಟು ನೋಡಿ, ಎರಡು ಸಲ ಜಾರಿದ ಆ ಜಾಗದಲ್ಲಿ ಹೆಜ್ಜೆಗೊಂದು ಸಲ ಇಡಿ.